ಉಡುಪಿ ಹತ್ತಿರದ ಪಡುಕೆರೆಯ ಬಾಡಿಗೆ ಮನೆಯಲ್ಲಿರುವ ಮಗಳಿಗೆ

ಜಂಬೂರು, ಮಾದಾಪುರ, ಕೊಡಗು
ಮೇ ತಿಂಗಳ ಕೊನೆ

ಪ್ರೀತಿಯ ಮಗಳೇ,

ನಿನ್ನ ಅಪ್ಪ ಸಾಮಾನು ಇಳಿಸಿ ವಾಪಸ್ ಬಂದರು. ಮನೆ ಹೇಗಿದೆ ಎಂದು ಕೇಳಿದರೆ, "ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ತೆಂಗಿನಮರ" ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದರು. ಉಳಿದದ್ದು ನೀನು ಕಳಿಸಿದ ಫೋಟೋ ನೋಡಿ ಗೊತ್ತಾಯಿತು. ಬಾಕ್ಸ್‌ಗಳು ಗೋಡೆ ಪಕ್ಕದಲ್ಲಿ ಕಟ್ಟಿದ ಹಾಗೇ ಇವೆ. ಫೋನಲ್ಲಿ ಕೇಳಿದ್ದಕ್ಕೆ, "ಹನ್ನೊಂದು ತಿಂಗಳು ತಾನೇ ಅವ್ವ, ಬೇಕಾದ್ದಷ್ಟೇ ತೆಗೀತೀನಿ" ಎಂದೆ. ಆ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಎಲ್ಲ ಬಿಚ್ಚಿ ಇಡು ಮಗಳೇ. ಹನ್ನೊಂದು ತಿಂಗಳಾದರೂ ಅದು ನಿನ್ನ ಮನೆ.

2018ರ ಆಗಸ್ಟಲ್ಲಿ ಗುಡ್ಡ ಜರಿದು ಮಕ್ಕಂದೂರಿನ ಮನೆ ಹೋದ ಮೇಲೆ ನಾವು ಕುಶಾಲನಗರದ ಬಾಡಿಗೆ ಮನೆಗೆ ಬಂದೆವಲ್ಲ, ಆಗ ನೀನು ಹೈಸ್ಕೂಲಲ್ಲಿದ್ದೆ. ಎಲ್ಲರೂ ನಾಳೆಯೇ ಹೊರಡುವವರ ಥರ ಕೂತಿದ್ದೆವು. ನಿನ್ನ ಅಜ್ಜಿ ಮಾತ್ರ ಪಕ್ಕದ ಮನೆಗೆ ಹೋಗಿ, ಒಂದು ಬಸಳೆ ದಂಟು ಕೇಳಿ ತಂದು, ಪೇಂಟ್ ಡಬ್ಬದಲ್ಲಿ ನೆಟ್ಟರು. ಆ ದಂಟಿನ ನೆಪದಲ್ಲಿ ಪಕ್ಕದ ಮನೆಯವರು ನಮ್ಮವರಾದರು. ನಿನಗೆ ಜ್ವರ ಬಂದಾಗ ರಾತ್ರಿ ಆಟೋ ಹುಡುಕಿ ತಂದದ್ದು ಅವರೇ. ಜಂಬೂರಿನಲ್ಲಿ ಈ ಮನೆ ಸಿಕ್ಕಿ ಹೊರಟಾಗ ಅಜ್ಜಿ ಅದೇ ಬಸಳೆಯ ದಂಟು ತಂದರು. ಈಗ ಹಿತ್ತಲಲ್ಲಿ ಚಪ್ಪರ ತುಂಬ ಹಬ್ಬಿರುವುದು ಅದೇ.

ನಾವು ಇವತ್ತು ಇದ್ದೇವೆ ಅಂದರೆ ಅದೂ ನೆರೆಯವರಿಂದಲೇ ಅಲ್ವಾ? ತೋಡಿನ ನೀರು ಕೆಂಪು ಕೆಸರಾಗಿ ಬರುವುದನ್ನು ನೋಡಿ, ಕೆಳಗಿನ ಮನೆಯವರು ಮಳೆಯಲ್ಲೇ ಓಡಿ ಬಂದು ಎಬ್ಬಿಸಿದರು. ಕಡಲ ಕರೆಯಲ್ಲೂ ಹಾಗೆಯೇ. ಪಡುಕೆರೆಯಲ್ಲಿ ಕಡಲ್ಕೊರೆತ ಇದೆ, ಅದಕ್ಕೇ ದಡದಲ್ಲಿ ಕಲ್ಲು ಹಾಕಿದ್ದಾರೆ. ಯಾವ ವರ್ಷ ನೀರು ಎಲ್ಲಿವರೆಗೆ ಬಂದಿತ್ತು, ಯಾವ ತೆಂಗಿನಮರ ಹೋಯಿತು ಎಂಬುದೆಲ್ಲ ಅಲ್ಲಿನ ಹೆಂಗಸರಿಗೆ ಬಾಯಿಪಾಠ ಇರುತ್ತದೆ. ಮೊದಲು ಅವರನ್ನು ಕೇಳು. ಅವರು "ಇವತ್ತು ಮನೆಯಲ್ಲಿ ಮಲಗಬೇಡಿ" ಎಂದರೆ ಮರುಮಾತಾಡದೆ ಹೊರಡು. ಅಲ್ಲಿ ಎಲ್ಲರದ್ದೂ ತುಳು. ನಮ್ಮ ಅರೆಭಾಷೆ ಗೊತ್ತಿದ್ದರೆ ತುಳು ಕಲಿಯುವುದು ಕಷ್ಟ ಆಗಲಿಕ್ಕಿಲ್ಲ. ತಪ್ಪಾದರೂ ಮಾತಾಡು.

ಇನ್ನು ಕಡಲು. ನೀನು ಹೊಳೆಯಲ್ಲಿ ಈಜು ಕಲಿತವಳು. ಆ ಧೈರ್ಯ ಕಡಲಿನ ಹತ್ತಿರ ಬೇಡ. ಮಳೆಗಾಲದಲ್ಲಿ ಮಲ್ಪೆ ಬೀಚಲ್ಲಿ ಜನ ನೀರಿಗಿಳಿಯದ ಹಾಗೆ ಬಲೆ ಕಟ್ಟುತ್ತಾರೆ, ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯನ್ನೂ ನಿಲ್ಲಿಸುತ್ತಾರೆ. ನಿನ್ನ ಮನೆ ಮುಂದೆ ಬಲೆ ಇರದಿದ್ದರೂ ಕಡಲು ಅದೇ. ಮಳೆ ಕಳೆದ ಮೇಲೂ ಒಂದು ಮಾತು ನೆನಪಿಟ್ಟುಕೊ. ಎರಡು ಕಡೆ ಅಲೆ ಒಡೆಯುತ್ತಾ ನಡುವೆ ಒಂದು ಜಾಗ ಸಪ್ಪಗೆ, ಸುಮ್ಮನೆ ಇರುವ ಹಾಗೆ ಕಾಣುತ್ತದಲ್ಲ, ಎಷ್ಟೋ ಸಲ ಸೆಳೆತ ಇರುವುದು ಅಲ್ಲೇ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಲು ಹೋಗಿ ಸುಸ್ತಾಗಬಾರದು. ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಒಳಗೆ ಬರಬೇಕು. ನಿನ್ನ ಜೊತೆ ಕೆಲಸ ಮಾಡುವ ಹುಡುಗಿಯರಿಗೂ ಹೇಳು.

ಬೂಷ್ಟು ನಿನಗೆ ಹೊಸದಲ್ಲ. ಆದರೆ ಉಪ್ಪುಗಾಳಿ ಹೊಸದು. ಬಾಗಿಲ ಚಿಲಕಕ್ಕೆ, ಕಿಟಕಿ ಸರಳಿಗೆ ಆಗಾಗ ಎಣ್ಣೆ ಹಚ್ಚು. ಸ್ಕೂಟಿಯನ್ನು ಸಿಹಿನೀರಲ್ಲಿ ತೊಳೆ. ಬೇಸಿಗೆಗೆ ಬಾವಿನೀರು ಉಪ್ಪಾಗುತ್ತದಾ ಎಂದು ಓನರನ್ನು ಈಗಲೇ ಕೇಳಿಡು.

ಮೀನಿನ ಆಸೆಯಲ್ಲಿ ಹೋಗಿದ್ದೀಯ, ಗೊತ್ತು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ಕಡಲಿಗೆ ಹೋಗುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಕಡಲು ಬಿಟ್ಟುಕೊಟ್ಟ ದಿನ ನಾಡದೋಣಿಯವರು ತಂದದ್ದಷ್ಟೇ ಸಿಗುತ್ತದೆ, ರೇಟೂ ಜಾಸ್ತಿ ಇರುತ್ತದೆ. ಬೋಟಿನವರಿಗೆ ಅದು ಕೆಲಸ ಇಲ್ಲದ ಕಾಲ. ಮೀನು ಮಾರಲು ಬಂದ ಅಕ್ಕನ ಹತ್ತಿರ ಚೌಕಾಸಿ ಮಾಡಬೇಡ. ಅಲ್ಲಿವರೆಗೆ ಒಣಮೀನು ಚಟ್ನಿ ಮಾಡಿಕೊ. ಬಂಗುಡೆ ಸಿಕ್ಕ ದಿನ ಸ್ವಲ್ಪ ಕಾಚಂಪುಳಿ ಹಾಕಿ ಸಾರು ಮಾಡು. ಅಪ್ಪ ಎರಡು ಬಾಟಲಿ ಇಟ್ಟು ಬಂದಿದ್ದಾರೆ. ಒಂದು ನಿನಗೆ, ಇನ್ನೊಂದು ಪಕ್ಕದ ಮನೆಗೆ. ಅವರಿಗೆ ಪುನರ್ಪುಳಿ ಗೊತ್ತು, ನಮ್ಮ ಹುಳಿ ಗೊತ್ತಿರಲಿಕ್ಕಿಲ್ಲ. ಕಪ್ಪಗಿರುವುದನ್ನು ನೋಡಿ ಹೆದರಿಯಾರು. ಒಂದು ಚಮಚ ಸಾಕು ಎಂದು ಮರೆಯದೆ ಹೇಳು.

ಆಟಿ ತಿಂಗಳು ಅಲ್ಲೂ ಇದೆ, ಇಲ್ಲೂ ಇದೆ. ಅವರು ಆಟಿ ಅಮಾವಾಸ್ಯೆಗೆ ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಲ್ಲಿ ಜಜ್ಜಿ ತೆಗೆದು ಕಷಾಯ ಮಾಡುತ್ತಾರೆ. ಕತ್ತಿ ತಾಗಿಸುವುದಿಲ್ಲ. ಯಾರಾದರೂ ಕೊಟ್ಟರೆ ಬೇಡ ಎನ್ನಬೇಡ, ಆದರೆ ಮರ ಗೊತ್ತಿರುವ ಹಿರಿಯರು ಮಾಡಿದ್ದನ್ನು ಮಾತ್ರ ಕುಡಿ. ಬೇರೆ ಮರದ ತೊಗಟೆ ತಂದರೆ ಜೀವಕ್ಕೇ ಅಪಾಯ. ನಮ್ಮ ಮದ್ದುಸೊಪ್ಪಿನ ಪಾಯಸ ಆಟಿ ಹದಿನೆಂಟಕ್ಕೆ, ಆಗಸ್ಟ್ ಮೊದಲ ವಾರ. ಚಿಕ್ಕಪ್ಪನ ತೋಟದ ಬೇಲಿಯಲ್ಲಿ ಮದ್ದುಸೊಪ್ಪು ಈಗಲೇ ಚೆನ್ನಾಗಿದೆ.

ಆ ಹೊತ್ತಿಗೆ ಬರಬೇಕೆಂದು ನನಗೆ ಆಸೆ. ಆದರೆ ಮಳೆ ಜೋರಿದ್ದರೆ ಹೊರಡಬೇಡ. ಸಂಪಾಜೆ ಘಾಟಿಯ ರಸ್ತೆ, ಅದರಲ್ಲೂ ಜೋಡುಪಾಲದ ಹತ್ತಿರ 2018ರಲ್ಲಿ ಏನಾಯಿತೆಂದು ನಿನಗೆ ಗೊತ್ತೇ ಇದೆ. ಸುಳ್ಯದವರೆಗೆ ಬಂದು ಸಿಕ್ಕಿಹಾಕಿಕೊಳ್ಳುವುದು ಬೇಡ. ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ಕೇಳಿಯೇ ಬಸ್ ಹತ್ತು. ಬರಲು ಆಗದಿದ್ದರೆ ಸೊಪ್ಪನ್ನು ಕುದಿಸಿ, ಆ ನೀರನ್ನು ಬಾಟಲಿಗೆ ತುಂಬಿ ಉಡುಪಿಗೆ ಹೋಗುವ ಯಾರ ಕೈಯಲ್ಲಾದರೂ ಕಳಿಸುತ್ತೇನೆ. ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ನೀನೇ ಪಾಯಸ ಮಾಡು. ನೇರಳೆ ಬಣ್ಣ ನೋಡಲು ಪಕ್ಕದ ಮನೆಯ ಮಕ್ಕಳನ್ನೂ ಕರೆ.

ಅವರಲ್ಲಿ ಎಷ್ಟು ಜನ ಮಕ್ಕಳು, ದೊಡ್ಡವರ ಹೆಸರೇನು ಎಂದು ಕೇಳಿಕೊಂಡು ಭಾನುವಾರ ಫೋನಲ್ಲಿ ಹೇಳು. ಅವರ ನಂಬರನ್ನೂ ನನಗೆ ಕಳಿಸು.

ನಿನ್ನ ಅವ್ವ