ದಸರಾ ರಜೆ ಮುಗಿಯುವ ದಿನವೇ ಹಾಸ್ಟೆಲ್ ತೆರೆಯಿರಿ: ಯಾದಗಿರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಸುರಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಕೂಲಿ ಹುಡುಕಿ ಗುಳೆ ಹೋಗುವ ಮನೆಗಳ ಮಕ್ಕಳಿಗೆ ಸೀಸನಲ್ ಹಾಸ್ಟೆಲ್‌ಗಳನ್ನು, ಅಂದರೆ ಅಪ್ಪ ಅವ್ವ ಊರಲ್ಲಿಲ್ಲದ ತಿಂಗಳುಗಳಲ್ಲಿ ಮಕ್ಕಳು ಉಳಿಯುವ ಹಾಸ್ಟೆಲ್‌ಗಳನ್ನು, ದಸರಾ ರಜೆ ಮುಗಿಯುವ ದಿನವೇ ತೆರೆಯಿರಿ ಎಂದು ಕೇಳಿಕೊಳ್ಳಲು ಈ ಪತ್ರ. ತಡವಾದರೆ ಪ್ರಯೋಜನ ಇಲ್ಲ.

2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ 51.83. ರಾಜ್ಯದಲ್ಲೇ ಕಡಿಮೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲೂ ಕೊನೆಯ ಸ್ಥಾನ ನಮ್ಮದೇ. ಫಲಿತಾಂಶ ಬಂದಾಗ ಎಲ್ಲರೂ ಹತ್ತನೇ ತರಗತಿಯ ಬಗ್ಗೆ ಮಾತಾಡುತ್ತಾರೆ. ವಿಶೇಷ ತರಗತಿ, ಬೆಳಗಿನ ಜಾವದ ಓದು, ಮೇಷ್ಟ್ರುಗಳ ಸಭೆ. ಆದರೆ ಫೇಲಾದ ಎಷ್ಟೋ ಮಕ್ಕಳು ಎರಡನೇ, ಮೂರನೇ ತರಗತಿಯಿಂದಲೇ ವರ್ಷಕ್ಕೆ ನಾಲ್ಕೈದು ತಿಂಗಳು ಶಾಲೆಯಲ್ಲೇ ಇರಲಿಲ್ಲ. ಕಲಿಯದೇ ಬಿಟ್ಟ ಮಗ್ಗಿ ಹತ್ತನೇ ತರಗತಿಯಲ್ಲಿ ಬರುತ್ತಾ?

ಅಕ್ಟೋಬರ್ ಹೊತ್ತಿಗೆ ಹತ್ತಿ ಬಿಡಿಸೋದು ಶುರುವಾಗುತ್ತೆ. ಕೂಲಿ ತೂಕದ ಲೆಕ್ಕ, ಕೆಜಿಗೆ ಇಷ್ಟು ಅಂತ. ದಿನಗೂಲಿ ಆಗಿದ್ದರೆ ಮಗುವನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಏನೂ ಸಿಗುತ್ತಿರಲಿಲ್ಲ. ತೂಕದ ಲೆಕ್ಕ ಆದ್ದರಿಂದ ಎಂಟು ವರ್ಷದ ಹುಡುಗಿ ಬಿಡಿಸಿದ್ದೂ ಅವ್ವನ ಗಂಟಿಗೇ ಸೇರುತ್ತೆ. ಬೆಳಗ್ಗೆ ಕೂಲಿಯವರನ್ನು ಒಯ್ಯುವ ಟಂಟಂ ಗಾಡಿ ತಾಂಡಾದ (ಲಂಬಾಣಿಗರ ಊರಿನ) ಮುಂದೆ ಬಂದು ನಿಂತರೆ ಮುಗಿಯಿತು, ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಬೆಂಚುಗಳು ಖಾಲಿ. ಹೋಗಿ ಬಂದ ಮಕ್ಕಳ ಕೈ ನೋಡಬೇಕು ನೀವು. ಒಣಗಿದ ಕಾಯಿಯ ಚೂಪು ತುದಿ ಚುಚ್ಚಿ ಉಗುರಿನ ಪಕ್ಕದಲ್ಲೆಲ್ಲ ಗೀರು. ಪೆನ್ಸಿಲ್ ಹಿಡಿದರೆ ಉರಿಯುತ್ತೆ.

ದೀಪಾವಳಿ ಆದಮೇಲೆ ದೊಡ್ಡ ಗುಳೆ. ಬೆಂಗಳೂರು, ಪುಣೆ, ಮುಂಬೈ. ತಿರುಗಿ ಬರೋದು ಯುಗಾದಿಗೆ. ಅಷ್ಟರಲ್ಲಿ ವರ್ಷದ ಪಾಠವೆಲ್ಲ ಮುಗಿದಿರುತ್ತೆ.

ಕಾನೂನು ಈ ಮಕ್ಕಳನ್ನು ಮರೆತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಆಡಳಿತದ ಹೊಣೆ. ಟಿಸಿ ತಡವಾಯಿತು ಅಂತ ವಾಪಸ್ ಕಳಿಸುವ ಹಾಗಿಲ್ಲ. ಆದರೆ ಕಟ್ಟಡದ ಪಕ್ಕದ ತಗಡಿನ ಶೆಡ್‌ನಲ್ಲಿ ಇರುವವರು ಯಾವ ಶಾಲೆ ಹುಡುಕಬೇಕು? ಒಂದು ಕಡೆ ಕೆಲಸ ಮುಗಿದರೆ ಇನ್ನೊಂದು ಕಡೆಗೆ ಎತ್ತಂಗಡಿ. ಪುಣೆಗೆ ಹೋದರೆ ಪಾಠ ಮರಾಠಿಯಲ್ಲಿ. ಹೋದ ಕಡೆ ಸೇರಿಸುವುದಕ್ಕಿಂತ ಊರಲ್ಲೇ ಉಳಿಸಿಕೊಳ್ಳುವುದು ಸುಲಭ ಅಂತ ನನಗೆ ಅನ್ನಿಸುತ್ತೆ.

ಮಗಳನ್ನು ಬಿಟ್ಟು ಹೋಗಮ್ಮ ಅಂತ ಒಬ್ಬ ತಾಯಿಗೆ ಹೇಳಿದೆ. "ಶಾಲಿ ಸಂಜೀತನ ಇರ್ತದ್ರಿ. ರಾತ್ರಿ ಯಾರು ನೋಡ್ಕೊತಾರ?" ಅಂದಳು. ಏನು ಹೇಳಲಿ ಅವಳಿಗೆ? ಮನೆಯಲ್ಲಿ ಇರುವುದು ಕಣ್ಣು ಮಂಜಾದ ಅಜ್ಜಿ ಒಬ್ಬಳೇ. ಹೆಣ್ಣುಮಗುವನ್ನು ಹೀಗೆ ಬಿಟ್ಟು ಹೋಗು ಅನ್ನೋಕೆ ನನಗೂ ಬಾಯಿ ಬರಲಿಲ್ಲ. ಮಧ್ಯಾಹ್ನದ ಊಟ, ಸಮವಸ್ತ್ರ, ಪುಸ್ತಕ ಎಲ್ಲ ಕೊಡುತ್ತಿದ್ದೀರಿ. ಈ ಮಕ್ಕಳು ಶಾಲೆ ಬಿಡುತ್ತಿರುವುದು ರಾತ್ರಿಯ ಕಾರಣಕ್ಕೆ ಸ್ವಾಮಿ.

ಮಕ್ಕಳು ಅಲ್ಲೇ ಉಳಿದು ಓದುವ ಮೊರಾರ್ಜಿ ಶಾಲೆಗಳಿವೆ, ಕಸ್ತೂರ್ಬಾ ಶಾಲೆಗಳಿವೆ, ನಿಜ. ಅವು ಶುರುವಾಗುವುದು 6ನೇ ತರಗತಿಯಿಂದ. ಮೊರಾರ್ಜಿಗೆ ಪ್ರವೇಶ ಪರೀಕ್ಷೆಯೂ ಇದೆ. ಅಕ್ಷರ ಕೂಡಿಸಿ ಓದೋಕೆ ಕಲಿಯುವ ವಯಸ್ಸಲ್ಲೇ ಗುಳೆ ಹೋದ ಮಗು ಆ ಪರೀಕ್ಷೆ ಬರೆಯುವುದು ಹೇಗೆ? ಸಣ್ಣ ಮಕ್ಕಳಿಗೆ ಇರುವ ದಾರಿ ಸೀಸನಲ್ ಹಾಸ್ಟೆಲ್. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಗುಳೆ ಹೊರಟ ಮೇಲೆ ಮಂಜೂರಾತಿ, ಟೆಂಡರ್ ಅಂತ ಓಡಾಡಿದರೆ ಬಾಗಿಲು ತೆರೆದಾಗ ಒಳಗೆ ಬರಲು ಮಕ್ಕಳೇ ಇರುವುದಿಲ್ಲ.

ಹೊಸ ಕಟ್ಟಡ ಬೇಡ. ತಾಂಡಾದ ಶಾಲೆಯ ಕೋಣೆಗಳೇ ಸಾಕು. ಬಿಸಿಯೂಟದ ಅಡುಗೆಯವರಿಗೆ ರಾತ್ರಿ ಅಡುಗೆಗೆ ಬೇರೆ ಕೂಲಿ ಕೊಡಿ. ಮಕ್ಕಳ ಜೊತೆ ಮಲಗಲು ಊರಿನ, ತಾಯಂದಿರು ನಂಬುವ ಇಬ್ಬರು ಹೆಂಗಸರನ್ನು ನೇಮಿಸಿ. ಶೌಚಾಲಯಕ್ಕೆ ನೀರು, ಬಾಗಿಲಿಗೆ ಚಿಲಕ, ಸೋಲಾರ್ ದೀಪ, ಹಾಸಿಗೆ. ಚಿಲಕದ ಮಾತು ಸಣ್ಣದು ಅನ್ನಿಸಬಹುದು, ತಾಯಂದಿರು ಮೊದಲು ಕೇಳೋದು ಅದನ್ನೇ. ತಮ್ಮ ತಂಗಿಯರನ್ನು ಹಿಡಿಯೋಕೆ ಅಂತ ಮನೆಯಲ್ಲಿ ಉಳಿಯುವ ಹುಡುಗಿಯರೂ ಜಾಸ್ತಿ ಇದ್ದಾರೆ. ಸಣ್ಣ ಕೂಸುಗಳನ್ನು ನೋಡಿಕೊಳ್ಳುವ ಪಂಚಾಯಿತಿಗಳ 'ಕೂಸಿನ ಮನೆ' ಹತ್ತಿ ಸೀಸನ್‌ನಲ್ಲಿ ಸಂಜೆ ತನಕ ನಡೆದರೆ ಅವರೂ ಶಾಲೆಗೆ ಬರುತ್ತಾರೆ.

ದುಡ್ಡಿಲ್ಲ ಅಂತ ನೀವು ಹೇಳಲಾರಿರಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷದ ಮೇಲಾಯಿತು. ಈಚಿನ ಬಜೆಟ್‌ಗಳಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಈ ಮಕ್ಕಳ ರಾತ್ರಿ ಊಟಕ್ಕೆ ಅದರಲ್ಲಿ ಎಷ್ಟು ಬೇಕಾದೀತು?

ಆಗಸ್ಟ್‌ನಲ್ಲೇ ಪ್ರತಿ ತಾಂಡಾ, ಪ್ರತಿ ಹಳ್ಳಿಯಲ್ಲಿ ಯಾರು ಗುಳೆ ಹೋಗುತ್ತಾರೆ ಅಂತ ಪಟ್ಟಿ ಮಾಡಿಸಿ. ಕಷ್ಟದ ಕೆಲಸವಲ್ಲ, ಯಾವ ಮನೆಯವರು ಮೇಸ್ತ್ರಿ ಹತ್ತಿರ ಮುಂಗಡ ತೆಗೆದುಕೊಂಡಿದ್ದಾರೆ ಅನ್ನೋದು ಊರಿಗೆಲ್ಲ ಗೊತ್ತಿರುತ್ತೆ. ಸೆಪ್ಟೆಂಬರ್‌ನಲ್ಲಿ ಹಾಸ್ಟೆಲ್ ಆದೇಶ ಹೊರಡಲಿ. ನಮ್ಮ ಶಾಲೆಯ ಪಟ್ಟಿಯನ್ನು ಎಸ್‌ಡಿಎಂಸಿಯಿಂದ ನಾವೇ ಮಾಡಿ ಕೊಡುತ್ತೇವೆ.

ಇಂತಿ,
ಸುರಪುರ ತಾಲ್ಲೂಕಿನ ಒಬ್ಬ ಎಸ್‌ಡಿಎಂಸಿ ಸದಸ್ಯ