ಸಾಧನಕೇರಿ ತಲುಪಿದೆವು

ಎರಡು ವರ್ಷಗಳ ಹಿಂದೆ ಅರ್ಧಕ್ಕೇ ನಿಂತಿದ್ದ ಅಮ್ಮನ ಪ್ರವಾಸ ಕಳೆದ ವಾರ ಮುಂದುವರಿಯಿತು. ಆಗ ಅಮ್ಮ ದಾರಿಯಲ್ಲಿ ಕುಸಿದುಬಿದ್ದು ಆಸ್ಪತ್ರೆ ಸೇರಿದ್ದು ನಮ್ಮನ್ನು ಬಲ್ಲವರಿಗೆಲ್ಲ ತಿಳಿದಿರುವುದರಿಂದ ಅದನ್ನು ಮತ್ತೆ ವಿವರಿಸುವುದಿಲ್ಲ. ಆದರೆ ಹೇಳಲೇಬೇಕಾದ ಕೃತಜ್ಞತೆಯೊಂದು ಇಷ್ಟು ದಿನ ಬಾಕಿ ಉಳಿದಿತ್ತು, ಅದಕ್ಕಾಗಿ ಈ ಬರಹ.

ನಮ್ಮ ಮನೆಯಲ್ಲಿ ಪ್ರವಾಸವೆಂದರೆ ಮೊದಲು ಪುಸ್ತಕ, ಆಮೇಲೆ ಬಸ್ಸು. ಬೇಸಿಗೆ ರಜೆಯಲ್ಲಿ ಎಲ್ಲಿಗೆ ಹೋಗಬೇಕೆಂದು ಅಪ್ಪ ಲೆಕ್ಕ ಹಾಕುತ್ತಿದ್ದರೆ, ಅಮ್ಮ ಗ್ರಂಥಾಲಯದಿಂದ ಆ ಸೀಮೆಯವರು ಬರೆದ ಒಂದು ಕಾದಂಬರಿಯನ್ನು ತಂದು, ರಾತ್ರಿ ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯ ದೀಪದಡಿಯಲ್ಲಿ ಕುಳಿತು ಓದಿ ಮುಗಿಸುತ್ತಿದ್ದರು. ಹೊರಡುವ ದಿನ ನಮಗೆ ಅದರ ಕಥೆ ಹೇಳುತ್ತಿದ್ದರು. ಆಗುಂಬೆಯ ಮಳೆಯನ್ನು ನಾನು ಕಣ್ಣಿಂದ ನೋಡುವ ಮೊದಲೇ ಅಮ್ಮನ ಬಾಯಿಂದ ಕೇಳಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಂದೇ ಒಂದು ಆಸೆಯನ್ನು ಹೇಳಿಕೊಂಡಿದ್ದರು. ಜ್ಞಾನಪೀಠ ಪಡೆದ ನಮ್ಮ ಬರಹಗಾರರ ಊರುಗಳನ್ನು ಪ್ರಶಸ್ತಿ ಬಂದ ಕ್ರಮದಲ್ಲಿಯೇ ನೋಡಬೇಕು ಎಂಬುದೇ ಆ ಆಸೆ. 1967ರ ಕುವೆಂಪು, 1973ರ ಬೇಂದ್ರೆ, 1977ರ ಕಾರಂತ, ಹೀಗೆ. ದಾರಿ ಸುತ್ತಾಗುತ್ತದೆ ಎಂದು ನಾವು ಹೇಳಿದರೂ ಅವರು ಕ್ರಮ ಬದಲಿಸಲು ಒಪ್ಪಲಿಲ್ಲ. ಕುಪ್ಪಳಿಯ ಕವಿಮನೆಯನ್ನು ನೋಡಿ, ಕವಿಶೈಲದ ಬಂಡೆಯ ಮೇಲೆ ಒಂದು ಗಂಟೆ ಕುಳಿತಿದ್ದು ಇಳಿದ ಸಂಜೆಯೇ ಅವರು ಕುಸಿದುಬಿದ್ದದ್ದು.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ಒಂದೊಂದಾಗಿ ಕತ್ತಲೆಯಲ್ಲಿ ಹಿಂದೆ ಸರಿದವು. ಆ ದಾರಿಯನ್ನು ಒಂದೂ ಮಾತಿಲ್ಲದೆ, ಒಂದು ಕಡೆಯೂ ಅಮ್ಮನಿಗೆ ಕುಲುಕಾಟ ತಾಗದಂತೆ ಓಡಿಸಿದವರು ನಾವು ಮೈಸೂರಿನಿಂದ ಬಾಡಿಗೆಗೆ ಗೊತ್ತು ಮಾಡಿಕೊಂಡಿದ್ದ ಕಾರಿನ ಚಾಲಕರು. ಅವರ ಕೆಲಸ ಆಸ್ಪತ್ರೆಯ ಬಾಗಿಲಿಗೆ ಮುಗಿಯಬೇಕಿತ್ತು. ಆದರೆ ಅವರು ಹೋಗಲಿಲ್ಲ. ನನ್ನ ತಮ್ಮ ಪುಣೆಯಿಂದ ಬರುವುದು ಮರುದಿನ ಮಧ್ಯಾಹ್ನವಾಗುತ್ತಿತ್ತು. ನನ್ನ ಎಂಟು ವರ್ಷದ ಮಗ ಕಾರಿಡಾರಿನ ಬೆಂಚಿನ ಮೇಲೆ ಮಲಗಿದ್ದ. ನಾನು ರಕ್ತನಿಧಿಗೂ ಔಷಧದ ಅಂಗಡಿಗೂ ಓಡಾಡಬೇಕಿತ್ತು. "ನೀವು ಹೋಗ್ಬನ್ನಿ ಅಕ್ಕ, ಅಮ್ಮಾವ್ರ ಹತ್ರ ನಾನಿರ್ತೀನಿ" ಎಂದು ಅವರು ಸ್ಟೂಲು ಎಳೆದುಕೊಂಡು ಕುಳಿತರು.

ಮಂಪರು ಕವಿಯದಂತೆ ಮಾತನಾಡಿಸುತ್ತಿರಬೇಕೆಂದು ನರ್ಸ್ ಹೇಳಿದ್ದರಂತೆ. ಹತ್ತು ನಿಮಿಷಕ್ಕೆ ಅವರ ಮಾತು ಮುಗಿದುಹೋಯಿತು. ಆಗ ಅಮ್ಮನ ಚೀಲದಲ್ಲಿದ್ದ ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ತೆಗೆದು ಓದತೊಡಗಿದರು. ಎಂಟನೆಯ ತರಗತಿಗೆ ಶಾಲೆ ಬಿಟ್ಟವರು, ಆಮೇಲೆ ದಿನಪತ್ರಿಕೆಯ ಹೊರತು ಬೇರೇನನ್ನೂ ಓದಿದವರಲ್ಲ. ನಾನು ಹಿಂತಿರುಗಿದಾಗ ಪ್ರತಿ ಸಾಲಿನ ಕೆಳಗೆ ತೋರುಬೆರಳಿಟ್ಟು, ಒತ್ತಕ್ಷರ ಬಂದಲ್ಲಿ ತಡೆದು, ಮತ್ತೆ ಹಿಂದಕ್ಕೆ ಹೋಗಿ ಓದುತ್ತಿದ್ದರು. ನಾನು ಪರದೆಯ ಆಚೆಯೇ ನಿಂತೆ. ಒಳಗೆ ಹೋಗಲು ಧೈರ್ಯವಾಗಲಿಲ್ಲ. ಅಮ್ಮನನ್ನು ಕರೆತಂದವಳು ನಾನು, ಬೇಡವೆಂದಿದ್ದರೆ ಮನೆಯಲ್ಲಿರುತ್ತಿದ್ದರು ಎಂಬ ಒಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು. ಮೆಟ್ಟಿಲ ಮೇಲೆ ಕುಳಿತು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ.

ಬೆಳಗಿನ ಜಾವ ನಾಲ್ಕರ ಸುಮಾರಿಗೆ ಅವರು ಕಾದಂಬರಿಯ ಒಂದು ಊರಿನ ಹೆಸರನ್ನು 'ಮೇಗರಹಳ್ಳಿ' ಎಂದು ಓದಿದರು. ಹಾಸಿಗೆಯಿಂದ ಬಹಳ ಸಣ್ಣ ದನಿಯೊಂದು ಬಂತು: "ಹಳ್ಳಿ ಅಲ್ಲಪ್ಪ, ವಳ್ಳಿ. ಮೇಗರವಳ್ಳಿ."

ಅವರು ಹೊರಗೆ ಓಡಿಬಂದು "ಅಕ್ಕಾ, ಅಮ್ಮಾವ್ರು ತಪ್ಪು ತಿದ್ದುದ್ರು" ಎಂದರು. ವೈದ್ಯರು ಆಮೇಲೆ ಹೇಳಿದ ಯಾವ ಮಾತೂ ನನಗೆ ಅಷ್ಟು ನೆಮ್ಮದಿ ಕೊಟ್ಟಿಲ್ಲ.

ಮರುದಿನ ಕಾರಿನ ಬಾಡಿಗೆಯ ಹೊರತು ಒಂದು ರೂಪಾಯಿಯನ್ನೂ ಅವರು ಹೆಚ್ಚಿಗೆ ತೆಗೆದುಕೊಳ್ಳಲಿಲ್ಲ. ಕೇಳಿದ್ದು ಕಾದಂಬರಿಯ ಗುತ್ತಿಯ ನಾಯಿ ಹುಲಿಯನ ಬಗ್ಗೆ, ಇಷ್ಟೇ: "ಆ ಗುತ್ತಿ ನಾಯಿ ಹುಲಿಯಂಗೆ ಕೊನೇಲಿ ಏನೂ ಆಗಲ್ವಲ್ಲ ಅಮ್ಮಾ?" ಅಮ್ಮ ಉತ್ತರ ಹೇಳದೆ ಪುಸ್ತಕವನ್ನೇ ಅವರ ಕೈಗಿತ್ತರು. ಏಳು ತಿಂಗಳ ನಂತರ ಒಂದು ರಾತ್ರಿ ಅವರ ಫೋನ್ ಬಂತು. ಕೊನೆಯ ಪುಟ ಮುಗಿದಿತ್ತು. ಇಬ್ಬರೂ ಬಹಳ ಹೊತ್ತು ಏನನ್ನೂ ಮಾತನಾಡಲಿಲ್ಲ.

ಅಂದು ಅಪರಿಚಿತರಾಗಿಯೂ ರಕ್ತ ಕೊಟ್ಟ ಇಬ್ಬರು ವಿದ್ಯಾರ್ಥಿಗಳಿಗೆ, ಆ ರಾತ್ರಿಯ ನರ್ಸ್‌ಗಳಿಗೆ ಮತ್ತು ವೈದ್ಯರಿಗೆ, ತಿಂಗಳುಗಟ್ಟಲೆ ಗಂಜಿ ಮಾಡಿ ಕಳಿಸಿದ ಪಕ್ಕದ ಮನೆಯವರಿಗೆ, ರಜೆಯ ಮೇಲೆ ರಜೆ ಹಾಕಿ ಬಂದ ತಮ್ಮನಿಗೆ ಮತ್ತು ಅವನ ಹೆಂಡತಿಗೆ, ಮನೆಗೇ ಪುಸ್ತಕಗಳನ್ನು ತಂದುಕೊಟ್ಟ ಗೆಳತಿಯರಿಗೆ ನಾನು ಋಣಿ.

ಕಳೆದ ವಾರ ಅದೇ ಚಾಲಕರು ನಮ್ಮನ್ನು ಧಾರವಾಡಕ್ಕೆ ಕರೆದೊಯ್ದರು. ಬೇಂದ್ರೆಯವರ ಸಾಧನಕೇರಿಯ ಕೆರೆಯ ಬಳಿ ಅಮ್ಮ ಅವರ ತೋಳು ಹಿಡಿದು ನಿಧಾನವಾಗಿ ನಡೆದರು. ಅಲ್ಲಿಂದ ಪುತ್ತೂರಿಗೆ ಹೋಗಿ ಕಾರಂತರು ಬಾಳಿದ ಬಾಲವನದ ಮರಗಳ ನೆರಳಲ್ಲಿ ಬುತ್ತಿ ಬಿಚ್ಚಿದಾಗ, ಕಾರಂತರ ಯಾವ ಪುಸ್ತಕವನ್ನು ಮೊದಲು ಓದಬೇಕೆಂದು ಅವರು ಅಮ್ಮನನ್ನು ಕೇಳುತ್ತಿದ್ದರು.

ಮುಂದಿನ ಸರದಿ 1983ರ ಮಾಸ್ತಿಯವರದು. ಕೋಲಾರ ಜಿಲ್ಲೆಯ ಮಾಸ್ತಿ ಗ್ರಾಮಕ್ಕೆ ಅವರ ಕಾರನ್ನೇ ಹೇಳಿಟ್ಟಿದ್ದೇವೆ.