ಗುಜರಿಗೆ ಹಾಕುವ ಮೊದಲು ಒಳಗೇನಿದೆ ನೋಡಿ

ಸಂಪಾದಕರೇ,

ಮನೆಯಲ್ಲಿ ಬಿದ್ದಿರುವ ಹಳೆ ಕಂಪ್ಯೂಟರ್, ಮೊಬೈಲ್‌ಗಳನ್ನು ಕಂಡಲ್ಲಿ ಎಸೆಯಬೇಡಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ ಅಂತ ನಿಮ್ಮ ಪತ್ರಿಕೆಯಲ್ಲಿ ಬಂದಿದ್ದ ಬರಹ ಓದಿದೆ. ಸರಿಯಾದ ಮಾತು. ಆದರೆ ಅದರ ಜೊತೆ ಇನ್ನೊಂದು ಮಾತೂ ಬರಬೇಕಿತ್ತು. ಕೊಡುವ ಮೊದಲು ಅದರೊಳಗೆ ಏನಿದೆ ಅಂತ ಒಮ್ಮೆ ನೋಡಿ. ಮಳೆಗಾಲ ಹತ್ತಿರ ಬಂತು, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಮ್ಮ ಮನೆ ಕಾರವಾರದಲ್ಲಿ, ಸಮುದ್ರಕ್ಕೆ ಐದು ನಿಮಿಷದ ದಾರಿ. ಅಟ್ಟದ ಮೇಲೆ ಅಪ್ಪ 1994ರಲ್ಲಿ ಕೊಂಡಿದ್ದ 486 ಕಂಪ್ಯೂಟರ್ ಇತ್ತು. ಅಪ್ಪ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಈ ಸಲ ರಜೆಗೆ ಶಿರಸಿಯಿಂದ ಬಂದ ಅಕ್ಕನ ಮಗ ಅಟ್ಟ ಹತ್ತಿದವನು ಅಲ್ಲಿಂದಲೇ ಕೂಗಿದ, "ಮಾಮಾ, ಇದು ಆನ್ ಆಗ್ತದಾ?" ಆಗಲಿಕ್ಕಿಲ್ಲ ಅಂದೆ. ಆದರೂ ಇಬ್ಬರೂ ಸೇರಿ ಇಳಿಸಿದೆವು.

ಕ್ಯಾಬಿನೆಟ್ ಬಿಚ್ಚಿದಾಗ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮನೆಯ ಪೆಟ್ಟಿಗೆಯೊಳಗೂ ಇದೇ ನಡೆಯುತ್ತಿರಬಹುದು. ಆ ಕಾಲದ ತುಂಬಾ ಮದರ್‌ಬೋರ್ಡ್‌ಗಳಲ್ಲಿ ಪುಟ್ಟ ಪೀಪಾಯಿಯ ಆಕಾರದ ಬ್ಯಾಟರಿಯನ್ನು ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಅದು. ವರ್ಷ ಕಳೆದ ಹಾಗೆ ಸೋರುತ್ತದೆ, ಸೋರಿದ್ದು ತಾಮ್ರದ ಗೆರೆಗಳನ್ನು ತಿನ್ನುತ್ತದೆ. ನಮ್ಮದು ಸೋರಿತ್ತು. ಸುತ್ತ ಎರಡು ಬೆರಳಿನಷ್ಟು ಜಾಗದಲ್ಲಿ ಹಸಿರು ಪುಡಿ. ಬ್ಯಾಟರಿಯನ್ನು ಕತ್ತರಿಸಿ ತೆಗೆದೆವು. ಸೋರಿದ್ದು ಕ್ಷಾರ, ಅದಕ್ಕೆ ಹತ್ತಿಯಲ್ಲಿ ವಿನೆಗರ್ ಮುಟ್ಟಿಸಿ ಒರೆಸಿದೆವು, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಸ್ವಚ್ಛ ಮಾಡಿ ಎರಡು ದಿನ ಒಣಗಿಸಿದೆವು. ತಾಮ್ರದ ಗೆರೆಗಳು ಉಳಿದಿದ್ದವು. ಇನ್ನೊಂದೆರಡು ಮಳೆಗಾಲ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಅಂತ ನನಗೆ ಖಾತ್ರಿ. ಹಳೆ ಮಾನಿಟರ್ ಮಾತ್ರ ಬಿಚ್ಚಲಿಲ್ಲ, ನೀವೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ವಿಜಿಎ ಕಿಂಡಿ ಇರುವ ಈಗಿನ ಎಲ್‌ಸಿಡಿ ಮಾನಿಟರ್‌ಗೆ ವಿಜಿಎ ಕೇಬಲ್ ಹಾಕಿದರೂ ಸಾಕು, ಅದೇ 15 ಪಿನ್ನಿನದು.

ಆನ್ ಆಯಿತು! ಆದರೆ ಬ್ಯಾಟರಿ ಇಲ್ಲದ್ದಕ್ಕೆ ತನ್ನ ಹಾರ್ಡ್ ಡಿಸ್ಕ್ ಯಾವುದು ಅಂತಲೇ ಅದಕ್ಕೆ ಮರೆತಿತ್ತು. ಹಾರ್ಡ್ ಡಿಸ್ಕ್ ಮೇಲೆ ಅಂಟಿಸಿದ ಚೀಟಿಯಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಅಂತ ಮೂರು ಸಂಖ್ಯೆ ಇರುತ್ತವೆ. ಸೆಟಪ್ ಪರದೆಯಲ್ಲಿ ಅವನ್ನು ಕೈಯಾರೆ ತುಂಬಿದಾಗ ಡಾಸ್, ಅಂದರೆ ವಿಂಡೋಸ್‌ಗಿಂತ ಮೊದಲು ಕಂಪ್ಯೂಟರ್ ನಡೆಸುತ್ತಿದ್ದ ವ್ಯವಸ್ಥೆ, ಎದ್ದಿತು. ಪ್ರತಿ ಸಲ ಆಫ್ ಮಾಡಿದಾಗಲೂ ಮರೆಯುತ್ತದೆ ಅಂತ ಹುಡುಗ ಆ ಮೂರೂ ಸಂಖ್ಯೆಯನ್ನು ಕ್ಯಾಬಿನೆಟ್ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟ.

ಇನ್ನು ಆಟದ ವಿಷಯ. ಹಡಗಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಒಮ್ಮೆ ಊರಿಗೆ ಬರುವಾಗ ಅಪ್ಪನಿಗೆ ತಂದುಕೊಟ್ಟಿದ್ದರು, ಕಡಲ್ಗಳ್ಳರ ಆಟ. ಹೆಸರು 'ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್'. ಲೂಕಾಸ್‌ಫಿಲ್ಮ್ ಗೇಮ್ಸ್ 1990ರಲ್ಲಿ ತಂದದ್ದು, ರಾನ್ ಗಿಲ್ಬರ್ಟ್ ಮತ್ತು ಅವರ ತಂಡ ಮಾಡಿದ್ದು. ಕಡಲ್ಗಳ್ಳ ಆಗಬೇಕು ಅಂತ ಆಸೆ ಹೊತ್ತು ಒಂದು ದ್ವೀಪಕ್ಕೆ ಬರುವ ಹುಡುಗನ ಕಥೆ. ಗುಂಡು ಹಾರಿಸುವುದು, ಓಡುವುದು ಏನೂ ಇಲ್ಲ. ಪರದೆಯ ಕೆಳಗೆ ಓಪನ್, ಪಿಕ್ ಅಪ್, ಟಾಕ್ ಟು ಅಂತ ಕ್ರಿಯಾಪದಗಳು ಇರುತ್ತವೆ, ಯಾವುದನ್ನು ಯಾವ ವಸ್ತುವಿನ ಮೇಲೆ ಬಳಸಬೇಕು ಅಂತ ಯೋಚಿಸಿ ಒತ್ತಬೇಕು. ಅವಸರ ಇಲ್ಲ. ಒಂದೇ ಪರದೆ ನೋಡುತ್ತಾ ಅರ್ಧ ಗಂಟೆ ಕೂತರೂ ಆಟ ಕಾಯುತ್ತದೆ.

ಅದರ ಕತ್ತಿವರಸೆ ನೋಡಬೇಕು! ಕತ್ತಿ ಬೀಸಿದ್ದಕ್ಕೆ ಗೆಲ್ಲುವುದಿಲ್ಲ, ಮಾತಿಗೆ ಗೆಲ್ಲುವುದು. ಎದುರಾಳಿ ಒಂದು ಚುಚ್ಚುಮಾತು ಎಸೆಯುತ್ತಾನೆ, ಅದಕ್ಕೆ ತಕ್ಕ ಉತ್ತರ ಕೊಡಬೇಕು. ಗೊತ್ತಿಲ್ಲದಿದ್ದರೆ ಸೋಲು, ಆದರೆ ಸೋತಾಗ ಆ ಮಾತು ನಿಮ್ಮದಾಗುತ್ತದೆ, ಅದನ್ನೇ ಮುಂದಿನವನ ಮೇಲೆ ಎಸೆದು ಅವನಿಂದ ಉತ್ತರ ಕಲಿಯಬಹುದು. ಕೊನೆಗೆ ಕತ್ತಿವರಸೆಯ ಗುರುವಿನ ಎದುರು ನಿಂತಾಗ ಆಕೆ ಎಸೆಯುವುದು ಎಲ್ಲಾ ಹೊಸ ಮಾತು, ನಿಮ್ಮ ಹತ್ತಿರ ಇರುವುದು ಅವೇ ಹಳೆ ಉತ್ತರಗಳು, ಯಾವುದಕ್ಕೆ ಯಾವುದು ಹೊಂದುತ್ತದೆ ಅಂತ ಅಲ್ಲೇ ನಿಂತು ಹೊಳೆಯಬೇಕು. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತಿನ ಯುದ್ಧ. ಯಕ್ಷಗಾನ ತಾಳಮದ್ದಲೆಯೇ ಅಲ್ವಾ ಇದು? ಅಪ್ಪ ತಾಳಮದ್ದಲೆಗೆ ರಾತ್ರಿಯಿಡೀ ಕೂರುತ್ತಿದ್ದವರು. ಕನ್ನಡ ಮಾಧ್ಯಮದಲ್ಲಿ ಓದಿದವರು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಈ ಆಟ ಆಡುತ್ತಿದ್ದರು. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಚುಚ್ಚುಮಾತು, ಬಲಗಡೆ ಉತ್ತರ, ಕೆಳಗೆ ಪೆನ್ಸಿಲ್ಲಿನಲ್ಲಿ ಕನ್ನಡ ಅರ್ಥ.

ಡಾಸ್ ಎದ್ದ ಮೇಲೆ ಆಟದ ಹೆಸರು ಟೈಪ್ ಮಾಡಿದೆವು. ಅರ್ಧಕ್ಕೆ ನಿಂತಿತು. ಹಾರ್ಡ್ ಡಿಸ್ಕಿನಲ್ಲಿ ಒಂದು ಫೈಲ್ ಕೆಟ್ಟಿತ್ತು. ಹಾಗಾದರೆ ಫ್ಲಾಪಿಯಿಂದ ಮತ್ತೆ ಹಾಕಬೇಕು. ಅದಕ್ಕೆ ಮೊದಲು ಅಪ್ಪ ಸೇವ್ ಮಾಡಿದ್ದ ಆಟಗಳನ್ನು ಬೇರೆ ಡೈರೆಕ್ಟರಿಗೆ ಒಂದು ಪ್ರತಿ, ಖಾಲಿ ಫ್ಲಾಪಿಗೆ ಒಂದು ಪ್ರತಿ ಮಾಡಿಕೊಂಡೆವು. ಇದನ್ನು ಮಾತ್ರ ಯಾರೂ ಮರೆಯಬೇಡಿ. ಇನ್‌ಸ್ಟಾಲ್ ಮಾಡುವ ಅವಸರದಲ್ಲಿ ಹಳೆಯದರ ಮೇಲೆ ಹೊಸದು ಬರೆದುಬಿಟ್ಟರೆ ಮುಗೀತು.

ಫ್ಲಾಪಿಗಳು ಪ್ಲಾಸ್ಟಿಕ್ ಡಬ್ಬದಲ್ಲಿದ್ದವು. ಲೋಹದ ಮುಚ್ಚಳ ಸರಿಸಿ ಬೆಳಕಿಗೆ ಹಿಡಿದರೆ ಕಂದು ಹಾಳೆಯ ಮೇಲೆ ಬಿಳಿ ಚುಕ್ಕಿ. ಬೂಷ್ಟು. ನಮ್ಮ ಕರಾವಳಿಯಲ್ಲಿ ಚಪ್ಪಲಿ, ಬೆಲ್ಟ್, ಮದುವೆ ಆಲ್ಬಮ್ ಯಾವುದನ್ನೂ ಬಿಡದ ಬೂಷ್ಟು ಫ್ಲಾಪಿಯನ್ನು ಬಿಡುತ್ತದಾ? ಹಾಗೇ ಡ್ರೈವ್‌ಗೆ ಹಾಕಿದರೆ ಡ್ರೈವಿನ ಹೆಡ್ ಕೊಳೆಯಾಗುತ್ತದೆ, ಆ ಕೊಳೆ ಮುಂದಿನ ಒಳ್ಳೆ ಫ್ಲಾಪಿಯನ್ನೂ ಗೀರುತ್ತದೆ. ಅದಕ್ಕೆ ಹಿಂದಿನ ಲೋಹದ ಬಿಲ್ಲೆ ತಿರುಗಿಸುತ್ತಾ, ಆಲ್ಕೋಹಾಲ್ ಅದ್ದಿದ ಇಯರ್ ಬಡ್‌ನಲ್ಲಿ ಎರಡೂ ಬದಿ ಮೆತ್ತಗೆ ಒರೆಸಿದೆವು. ಎಲ್ಲವೂ ಓದಿಸಿಕೊಂಡವು, ಒಂದು ಬಿಟ್ಟು. ಅದು 'ಅಬಾರ್ಟ್, ರಿಟ್ರೈ, ಫೇಲ್' ಅಂತ ಕೇಳುತ್ತಲೇ ಇತ್ತು. ಹುಡುಗ ಆರ್ ಒತ್ತಿದ, ಮತ್ತೆ ಒತ್ತಿದ. ಫ್ಲಾಪಿ ತೆಗೆದು ಇನ್ನೊಮ್ಮೆ ಒರೆಸಿ ಹಾಕಿದ. ಡ್ರೈವ್ ಕರ್ರ್ ಕರ್ರ್ ಅಂದಿತು, ನಿಂತಿತು, ಮತ್ತೆ ಕರ್ರ್ ಅಂದಿತು. ಕಾಫಿ ತಣ್ಣಗಾಗುವಷ್ಟು ಹೊತ್ತಾದ ಮೇಲೆ ಪರದೆಯಲ್ಲಿ ಕಾಪಿ ಆಯಿತು ಅಂತ ಬಂತು.

ಮೆಮೊರಿಯ ಗೋಳು ಆಗ ಎಲ್ಲ ಆಟಕ್ಕೂ ಇತ್ತು. ಡಾಸ್‌ನಲ್ಲಿ ಪ್ರೋಗ್ರಾಂಗಳಿಗೆ ಸಿಗುವುದೇ 640 ಕೆಬಿ, ಅದರಲ್ಲೇ ಮೌಸ್ ಡ್ರೈವರೂ ಕೂರಬೇಕು. ಅಪ್ಪ ಕಾನ್‌ಫಿಗ್ ಫೈಲಿನಲ್ಲಿ ಹೈಮೆಮ್ ಅನ್ನುವ ಮೆಮೊರಿ ಡ್ರೈವರ್ ಹಾಕಿ, ಡಾಸನ್ನು ಮೇಲಿನ ಮೆಮೊರಿಗೆ ಸರಿಸಿ ಆಗಲೇ ಸರಿ ಮಾಡಿಟ್ಟಿದ್ದರು. ನಾವು ಏನೂ ಮಾಡಬೇಕಾಗಲಿಲ್ಲ.

ಆಟ ಶುರುವಾದ ಕೂಡಲೇ ಒಬ್ಬ ಕಡಲ್ಗಳ್ಳನ ಮುಖ ತೋರಿಸಿ ಅವನ ಇಸವಿ ಕೇಳುತ್ತದೆ. ನಕಲು ತಡೆಯಲು ಕಂಪನಿಯವರು ಮಾಡಿದ ಉಪಾಯ ಅದು. ಪೆಟ್ಟಿಗೆಯ ಜೊತೆ ಬರುವ ರಟ್ಟಿನ ಚಕ್ರ ತಿರುಗಿಸಿ ಮುಖದ ಎರಡು ಅರ್ಧ ಹೊಂದಿಸಿದರೆ ಕಿಂಡಿಯಲ್ಲಿ ಇಸವಿ ಕಾಣುತ್ತದೆ. ಪೆಟ್ಟಿಗೆ ಎಂದೋ ಹೋಗಿತ್ತು. ಚಕ್ರ ಎಲ್ಲಿತ್ತು ಗೊತ್ತಾ? ಅದೇ ನೋಟ್‌ಬುಕ್ಕಿನ ಒಳಗೆ.

ಎಫ್5 ಒತ್ತಿದರೆ ಸೇವ್ ಮಾಡಿದ ಆಟಗಳ ಪಟ್ಟಿ. ಅದರಲ್ಲಿ ಒಂದಕ್ಕೆ ಅಪ್ಪ ಇಂಗ್ಲಿಷ್ ಅಕ್ಷರದಲ್ಲಿ 'ತಾಳಮದ್ದಲೆ' ಅಂತ ಹೆಸರಿಟ್ಟಿದ್ದರು. ತೆರೆದೆವು. ಗುರುವಿನ ಎದುರು ನಿಲ್ಲುವ ಸ್ವಲ್ಪ ಮೊದಲು ನಿಲ್ಲಿಸಿದ್ದರು. ನಾನು ನೋಟ್‌ಬುಕ್ ಹಿಡಿದು ಓದಿದೆ, ಹುಡುಗ ಆಡಿದ. ಅವನು ಅಜ್ಜನನ್ನು ನೋಡಿದ್ದು ಫೋಟೋದಲ್ಲಿ ಮಾತ್ರ.

ಆಟ ಆಡುವುದಕ್ಕೆ ಹಳೆ ಯಂತ್ರ ಯಾಕೆ, ಲ್ಯಾಪ್‌ಟಾಪಿನಲ್ಲೇ ಆಗುತ್ತದಲ್ಲ ಅಂತ ಕೇಳುವವರಿಗೆ, ಹೌದು, ಆಗುತ್ತದೆ. ಸ್ಕಮ್‌ವಿಎಂ 2001ರಿಂದ ಇದೆ, ಡಾಸ್‌ಬಾಕ್ಸ್ 2002ರಿಂದ ಇದೆ, ಎರಡೂ ಹಳೆ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಉಚಿತ ಪ್ರೋಗ್ರಾಂಗಳು. ಆಟ ಇನ್ನೂ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅಪ್ಪನ ಸೇವ್ ಯಾವ ಅಂಗಡಿಯಲ್ಲಿ ಸಿಗುತ್ತದೆ? ಹಳೆ ಡಾಸ್ ಆಟದ ಸೇವ್ ಫೈಲ್ ಸ್ಕಮ್‌ವಿಎಂನಲ್ಲಿ ತೆರೆಯುವುದಿಲ್ಲ, ಡಾಸ್‌ಬಾಕ್ಸ್‌ನಲ್ಲಿ ಮೂಲ ಆಟ ಹಾಕಿದರೆ ತೆರೆಯುತ್ತದೆ. ಅಷ್ಟಕ್ಕೂ ಆ ಫೈಲ್ ಹೊರಗೆ ಬರಬೇಕಲ್ಲ? ಆ ಕಾಲದ ಸಣ್ಣ ಹಾರ್ಡ್ ಡಿಸ್ಕ್‌ಗಳನ್ನು ಈಗಿನ ಯುಎಸ್‌ಬಿ ಅಡಾಪ್ಟರ್‌ಗಳು ಎಷ್ಟೋ ಸಲ ಗುರುತಿಸುವುದೇ ಇಲ್ಲ. ನಮ್ಮದನ್ನೂ ಗುರುತಿಸಲಿಲ್ಲ. ಹಳೆ ಯಂತ್ರವೇ ಎದ್ದು ಫ್ಲಾಪಿಗೆ ಬರೆದುಕೊಟ್ಟಿತು. ಅದೇ ಡಿಸ್ಕಿನಲ್ಲಿ ಅಪ್ಪ ವರ್ಡ್‌ಸ್ಟಾರ್‌ ಅನ್ನುವ ಬರವಣಿಗೆಯ ಪ್ರೋಗ್ರಾಂನಲ್ಲಿ ಚಿಕ್ಕಪ್ಪನಿಗೆ ಟೈಪ್ ಮಾಡಿದ್ದ ಪತ್ರಗಳೂ ಸಿಕ್ಕವು.

ನನಗೆ ಬೇಜಾರಾದ ಸಂಗತಿ ಒಂದಿದೆ. ನಮ್ಮ ಕಡೆಯ ಒಂದು ಶಾಲೆಯಲ್ಲಿ ಹಳೆ ಕಂಪ್ಯೂಟರ್‌ಗಳನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುವಾಗ ನಾನು ಅಲ್ಲೇ ಇದ್ದೆ. ಫ್ಲಾಪಿಗಳನ್ನು ಗೋಣಿಚೀಲದಲ್ಲಿ ತುಂಬಿದರು. ಮಕ್ಕಳು ಮಾಡಿದ ಪ್ರೋಗ್ರಾಂಗಳು, ವಾರ್ಷಿಕ ಪತ್ರಿಕೆಯ ಬರಹ, ಏನೇನಿತ್ತೋ. ಒಂದನ್ನೂ ಯಾರೂ ಓದಿಸಿ ನೋಡಲಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಕಾರವಾರದ ಜಿಲ್ಲಾ ಗ್ರಂಥಾಲಯದಲ್ಲಿ, ಶಿರಸಿಯಲ್ಲೂ ಒಂದು ಕಡೆ, ಚಾಲ್ತಿಯಲ್ಲಿರುವ ಒಂದು ಹಳೆ ಕಂಪ್ಯೂಟರ್ ಇಡಲಿ. ಮೂರೂವರೆ ಇಂಚಿನ ಫ್ಲಾಪಿಗೆ ಯುಎಸ್‌ಬಿ ಡ್ರೈವ್ ಸಿಗುತ್ತದೆ, ಐದೂಕಾಲು ಇಂಚಿನದಕ್ಕೆ ಆ ಕಾಲದ ಡ್ರೈವೇ ಬೇಕು. ಜನ ಫ್ಲಾಪಿ ತಂದು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಹೋಗಲಿ. ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ಇದನ್ನು ನೋಡಿಕೊಳ್ಳಬಹುದು, ಅವರಿಗೂ ಕಲಿಯಲು ಸಿಗುತ್ತದೆ. ಯಂತ್ರ ಸುಮ್ನೆ ಕೂತಿದ್ದಾಗ ಅದರಲ್ಲಿ ಈ ಆಟ ಇರಲಿ. ನಮ್ಮ 486 ಕೊಡಲು ನಾನು ತಯಾರಿದ್ದೇನೆ, ಹಾರ್ಡ್ ಡಿಸ್ಕಿನ ಮೂರು ಸಂಖ್ಯೆ ಕ್ಯಾಬಿನೆಟ್ ಮೇಲೆ ಬರೆದಿದೆ.

ಇಂತಿ,
ನಿಮ್ಮ ಓದುಗ, ಕಾರವಾರ